ಸೊನ್ನೆ ಕಂಡುಹಿಡಿದದ್ದು ಆರ್ಯಭಟನಾದರೆ ರಾವಣನ ಹತ್ತು ತಲೆ ಎಣಿಸಿದ್ದು ಹೇಗೆ?

ಈ ಫಾರ್ವರ್ಡ್ ನಿಮ್ಮ ಮೊಬೈಲಿಗೂ ಬಂದಿರುತ್ತದೆ. ಸೊನ್ನೆಯನ್ನು ಕಂಡುಹಿಡಿದದ್ದು ಆರ್ಯಭಟ, ಆತ ಇದ್ದದ್ದು ಕಲಿಯುಗದಲ್ಲಿ. ಹಾಗಿದ್ದರೆ ತ್ರೇತಾಯುಗದ ರಾವಣನಿಗೆ ಹತ್ತು ತಲೆ, ದ್ವಾಪರದ ಕೌರವರು ನೂರು ಮಂದಿ ಅಂತ ಎಣಿಸಿದ್ದು ಹೇಗೆ ಎಂಬ ಪ್ರಶ್ನೆ ಅದು. ಕೆಲವು ಗ್ರೂಪುಗಳಲ್ಲಿ ಇದು ಪುರಾಣವನ್ನು ಗೇಲಿ ಮಾಡಲು ಓಡಾಡುತ್ತದೆ, ಇನ್ನು ಕೆಲವು ಕಡೆ ವಿಜ್ಞಾನವನ್ನು ಗೇಲಿ ಮಾಡಲು. ಕಳಿಸುವವರ ಉದ್ದೇಶ ಏನೇ ಇರಲಿ, ಎರಡೂ ಕಡೆಯವರು ಒಂದು ಮಾತನ್ನು ಪರೀಕ್ಷೆ ಮಾಡದೆಯೇ ಒಪ್ಪಿಕೊಂಡಿರುತ್ತಾರೆ: ಆರ್ಯಭಟ ಸೊನ್ನೆ ಕಂಡುಹಿಡಿದ ಎನ್ನುವುದನ್ನು. ಎಡವಟ್ಟು ಇರುವುದು ಅಲ್ಲೇ. ಆತ ಸೊನ್ನೆ ಕಂಡುಹಿಡಿಯಲಿಲ್ಲ. ಆತ ಮಾಡಿದ ಕೆಲಸ ಬೇರೆಯೇ ಇದೆ, ಅದಕ್ಕಾಗಿ ತನ್ನ ನಂತರದ ಪಂಡಿತರಿಂದ ಚೆನ್ನಾಗಿ ಬೈಸಿಕೊಂಡದ್ದೂ ಇದೆ. ಆ ಕಥೆ ಫಾರ್ವರ್ಡ್ ಆಗಿದ್ದನ್ನು ನಾನಂತೂ ನೋಡಿಲ್ಲ.

ಮೊದಲು ಆತನ ಹೆಸರು. ಫಾರ್ವರ್ಡ್‌ಗಳಲ್ಲಿ ಬಹಳ ಸಲ ಆರ್ಯಭಟ್ಟ ಎಂದಿರುತ್ತದೆ. ಸರಿಯಾದದ್ದು ಆರ್ಯಭಟ, ಒಂದೇ ಟ. ಆತನ ಪುಸ್ತಕದಲ್ಲೂ, ನಂತರದವರು ಆತನನ್ನು ನೆನೆಯುವ ಶ್ಲೋಕಗಳಲ್ಲೂ ಹೆಸರು ಹಾಗೆಯೇ ಇದೆ, ಛಂದಸ್ಸೂ ಅದಕ್ಕೇ ಹೊಂದುತ್ತದೆ. ಇನ್ನು ಜುಟ್ಟು, ಶಲ್ಯ ಇರುವ ಆ ಚಿತ್ರ, ಅದು ನಮ್ಮ ಕಾಲದ ಕಲಾವಿದರ ಕಲ್ಪನೆ ಅಷ್ಟೇ.

ಹುಟ್ಟಿದ ವರ್ಷವನ್ನೂ ಲೆಕ್ಕವಾಗಿಯೇ ಕೊಟ್ಟವನು

ನಮ್ಮ ಹಳೆಯ ಕವಿಗಳು, ವಿದ್ವಾಂಸರು ತಮ್ಮ ಕಾಲವನ್ನು ಹೇಳಿಕೊಳ್ಳುವುದು ಅಪರೂಪ. ಕಾಳಿದಾಸ ಯಾವಾಗ ಇದ್ದ ಎಂದು ಇವತ್ತಿಗೂ ವಾದ ನಡೆಯುತ್ತದೆ. ಆರ್ಯಭಟನ ವಿಷಯದಲ್ಲಿ ಆ ತೊಂದರೆ ಇಲ್ಲ. ತನ್ನ ಪುಸ್ತಕ ಆರ್ಯಭಟೀಯದಲ್ಲಿ ಆತ ಒಂದು ಸಣ್ಣ ಲೆಕ್ಕ ಇಟ್ಟಿದ್ದಾನೆ: ಯುಗದ ಮೂರು ಪಾದಗಳು ಮುಗಿದು, ಅದರ ಮೇಲೆ ಅರವತ್ತು ವರ್ಷಗಳ ಅರವತ್ತು ಸುತ್ತು ಕಳೆದಾಗ, ತಾನು ಹುಟ್ಟಿ 23 ವರ್ಷ ಆಗಿತ್ತು ಎಂಬುದು ಅದರ ತಾತ್ಪರ್ಯ.

ಅರವತ್ತು ಅರವತ್ತಲೆ 3600. ಕಲಿಯುಗ ಶುರುವಾದದ್ದು ಕ್ರಿ.ಪೂ. 3102 ಎಂಬುದು ಜ್ಯೋತಿಷಿಗಳ ಲೆಕ್ಕ. 3600ರಲ್ಲಿ 3102 ಕಳೆದರೆ 498 ಬರುತ್ತದೆ. ಆದರೆ ಉತ್ತರ 499. ಯಾಕೆಂದರೆ ಕ್ರಿಸ್ತಶಕದ ಎಣಿಕೆಯಲ್ಲಿ ಸೊನ್ನೆಯ ವರ್ಷವೇ ಇಲ್ಲ. ಕ್ರಿ.ಪೂ. 1 ಮುಗಿದ ಮರುದಿನವೇ ಕ್ರಿ.ಶ. 1. ಆ ಎಣಿಕೆ ಮಾಡಿದ ಯುರೋಪಿನವರ ಕೈಯಲ್ಲಿ ಆಗ ಸೊನ್ನೆ ಇರಲಿಲ್ಲ. ಅಲ್ಲಿಗೆ 499ರಲ್ಲಿ 23 ವರ್ಷದ ಯುವಕ, ಅಂದರೆ ಹುಟ್ಟಿದ್ದು 476. ಆರ್ಯಭಟೀಯ ಬರೆದದ್ದೂ ಆ 23ರ ವಯಸ್ಸಿನಲ್ಲೇ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಈಗಿನ ಲೆಕ್ಕದಲ್ಲಿ ಎಂಎಸ್ಸಿ ಮುಗಿಸುವ ವಯಸ್ಸು.

ಆತನನ್ನು ಕ್ರಿ.ಪೂ. 2700ರ ಆಸುಪಾಸಿಗೆ ಒಯ್ಯುವ ಪೋಸ್ಟುಗಳೂ ಇವೆ. ಅವು ಅರವತ್ತು ಅರವತ್ತಲೆ ಎನ್ನುವುದನ್ನು ಆರು ಅರವತ್ತಲೆ ಎಂದು ತಿದ್ದಿ ಓದುತ್ತವೆ. ಇದನ್ನು ಆಕಾಶದಿಂದಲೇ ಪರೀಕ್ಷಿಸಬಹುದು. ಆತ ಕೊಟ್ಟ ಅಂಕಿಗಳಿಂದ ಗ್ರಹಗಳ ಸ್ಥಾನ ಲೆಕ್ಕ ಹಾಕಿದರೆ, ಅವು ನಿಜವಾದ ಆಕಾಶಕ್ಕೆ ಅತ್ಯಂತ ಚೆನ್ನಾಗಿ ಹೊಂದುವುದು ಕ್ರಿ.ಶ. 500ರ ಸುಮಾರಿಗೆ. ಹಿಂದಕ್ಕೋ ಮುಂದಕ್ಕೋ ಹೋದಂತೆ ತಪ್ಪು ಬೆಳೆಯುತ್ತದೆ.

ತನ್ನ ಬಗ್ಗೆ ಆತ ಹೇಳಿಕೊಂಡ ಇನ್ನೊಂದು ಸಂಗತಿ ಕುಸುಮಪುರದ್ದು. ಅಲ್ಲಿ ಮನ್ನಣೆ ಪಡೆದ ವಿದ್ಯೆಯನ್ನು ತಾನು ಹೇಳುತ್ತಿದ್ದೇನೆ ಎನ್ನುತ್ತಾನೆ. ಕುಸುಮಪುರ ಎಂದರೆ ಪಾಟಲಿಪುತ್ರ, ಇಂದಿನ ಪಾಟ್ನಾ. 629ರಲ್ಲಿ ಆರ್ಯಭಟೀಯಕ್ಕೆ ವ್ಯಾಖ್ಯಾನ ಬರೆದ ಭಾಸ್ಕರ ಆತನನ್ನು ಅಶ್ಮಕದವನು ಎಂದು ಕರೆಯುತ್ತಾನೆ. ಅಶ್ಮಕ ಎಂದರೆ ಗೋದಾವರಿಯ ಕಡೆಯ ಸೀಮೆ. ಈ ಭಾಸ್ಕರ ಲೀಲಾವತಿ ಬರೆದವನಲ್ಲ, ಅವನಿಗಿಂತ ಐನೂರು ವರ್ಷ ಹಿಂದಿನವನು.

ಹತ್ತು ತಲೆಗೆ ಸೊನ್ನೆ ಬೇಕಿಲ್ಲ

ಈಗ ರಾವಣನ ವಿಷಯಕ್ಕೆ ಬರೋಣ. ಹತ್ತು ಎಂಬ ಪದದಲ್ಲಿ ಸೊನ್ನೆ ಎಲ್ಲಿದೆ? ನೂರು ಎಂಬುದರಲ್ಲಿ? ಎಣಿಸಲು ಬೇಕಾದ್ದು ಪದ, ಬರೆಯುವ ಚಿಹ್ನೆಯಲ್ಲ. ಓದು ಬರಹ ಕಲಿಯದ ಅಜ್ಜಿ ನೂರು ತೆಂಗಿನಕಾಯಿಯನ್ನು ತಪ್ಪಿಲ್ಲದೆ ಎಣಿಸುತ್ತಾಳೆ. ಯಜುರ್ವೇದದಲ್ಲಿ ಹತ್ತು, ನೂರು, ಸಾವಿರದಿಂದ ಹಿಡಿದು ಪರಾರ್ಧದವರೆಗೆ, ಅಂದರೆ ಲಕ್ಷ ಕೋಟಿಯವರೆಗೆ ಸಂಖ್ಯೆಗಳಿಗೆ ಹೆಸರುಗಳಿವೆ. ಅವೆಲ್ಲ ಬಾಯಲ್ಲಿ ಬಂದ ಹೆಸರುಗಳು.

ಬರೆಯಬೇಕಾದಾಗಲೂ ಸೊನ್ನೆ ಬೇಕಾಗಿರಲಿಲ್ಲ ಎನ್ನುವುದಕ್ಕೆ ಸಾಕ್ಷಿ ನಮ್ಮ ಚಿತ್ರದುರ್ಗ ಜಿಲ್ಲೆಯಲ್ಲೇ ಇದೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಬಂಡೆಯ ಮೇಲೆ ಅಶೋಕನ ಶಾಸನವಿದೆ. ಅದರಲ್ಲಿ 256 ಎಂಬ ಸಂಖ್ಯೆ ಬರುತ್ತದೆ. ಆದರೆ ನಾವು ಬರೆಯುವಂತೆ ಎರಡು, ಐದು, ಆರು ಎಂದಲ್ಲ. 200ಕ್ಕೆ ಒಂದು ಗುರುತು, 50ಕ್ಕೆ ಒಂದು, 6ಕ್ಕೆ ಒಂದು. ಬ್ರಾಹ್ಮಿಯಲ್ಲಿ 10ಕ್ಕೂ 100ಕ್ಕೂ ಹೀಗೆಯೇ ಬೇರೆ ಬೇರೆ ಗುರುತುಗಳಿದ್ದವು. ರಾವಣನ ತಲೆಯ ಲೆಕ್ಕ ಬರೆಯಲು ಒಂದು ಗುರುತು, ಕೌರವರ ಲೆಕ್ಕಕ್ಕೆ ಇನ್ನೊಂದು. ರೋಮನ್ನರು ಹತ್ತನ್ನು ಎರಡು ಗೆರೆ ಅಡ್ಡ ಎಳೆದು ಬರೆದಂತೆ.

ಸೊನ್ನೆ ಬೇಕಾಗುವುದು ಸ್ಥಾನ ನೋಡಿ ಬೆಲೆ ಕಟ್ಟುವ ಪದ್ಧತಿ ಬಂದಾಗ. ಒಂದೇ 2, ಬಲತುದಿಯಲ್ಲಿದ್ದರೆ ಎರಡು, ಅದರ ಎಡಕ್ಕೆ ಸರಿದರೆ ಇಪ್ಪತ್ತು. ಹಾಗಾದಾಗ ಖಾಲಿ ಮನೆಯನ್ನು ಖಾಲಿ ಎಂದು ತೋರಿಸಲು ಏನಾದರೂ ಇಡಬೇಕು. ಆರ್ಯಭಟನಿಗೆ ಈ ಸ್ಥಾನದ ಲೆಕ್ಕ ಚೆನ್ನಾಗಿ ಗೊತ್ತಿತ್ತು. ಪ್ರತಿ ಸ್ಥಾನವೂ ಹಿಂದಿನದರ ಹತ್ತುಪಟ್ಟು ಎಂದು ಹೇಳಿದ್ದಾನೆ. ವರ್ಗಮೂಲ, ಘನಮೂಲ ತೆಗೆಯಲು ಆತ ಕೊಟ್ಟ ವಿಧಾನ ಸ್ಥಾನಗಳನ್ನು ಗುಂಪು ಮಾಡದೆ ನಡೆಯುವುದೇ ಇಲ್ಲ. ಆದರೆ ಅದನ್ನು ತಾನು ಕಂಡುಹಿಡಿದೆ ಎಂದು ಆತ ಎಲ್ಲೂ ಹೇಳಿಲ್ಲ. ಆಗಲೇ ಬಳಕೆಯಲ್ಲಿದ್ದ ಸಂಗತಿಯಂತೆ ಮಾತಾಡುತ್ತಾನೆ. ಖಾಲಿ ಸ್ಥಾನಕ್ಕೆ ಗುರುತು ಹಾಕುವ ಉಪಾಯವಂತೂ ಆತನಿಗಿಂತ ಏಳೆಂಟು ನೂರು ವರ್ಷ ಹಿಂದೆಯೇ ಬ್ಯಾಬಿಲೋನಿನವರ ಮಣ್ಣಿನ ಹಲಗೆಗಳಲ್ಲಿ ಕಾಣಿಸುತ್ತದೆ.

ಸೊನ್ನೆಯನ್ನು ಬರೀ ಖಾಲಿ ಮನೆ ಎಂದಲ್ಲದೆ ಒಂದು ಸಂಖ್ಯೆ ಎಂದೇ ತೆಗೆದುಕೊಂಡು, ಅದನ್ನು ಕೂಡಿದರೆ ಏನು, ಕಳೆದರೆ ಏನು ಎಂದು ನಿಯಮ ಬರೆದವನು ಬ್ರಹ್ಮಗುಪ್ತ, 628ರಲ್ಲಿ. ಅವನೂ ಸೊನ್ನೆಯಿಂದ ಭಾಗಿಸುವಲ್ಲಿ ಎಡವಿದ. ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದರೆ ಸೊನ್ನೆ ಎಂದ. ಸುಮಾರು 850ರಲ್ಲಿ ನಮ್ಮ ರಾಷ್ಟ್ರಕೂಟ ಅರಸ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಗಣಿತಸಾರಸಂಗ್ರಹ ಬರೆದ ಮಹಾವೀರಾಚಾರ್ಯ, ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಇದ್ದ ಹಾಗೇ ಇರುತ್ತದೆ ಎಂದ. ಅದೂ ತಪ್ಪೇ. ಗ್ವಾಲಿಯರಿನ ಚತುರ್ಭುಜ ದೇವಸ್ಥಾನದ 876ರ ಶಾಸನದಲ್ಲಿ 270 ಮತ್ತು 50 ಎಂಬ ಸಂಖ್ಯೆಗಳಲ್ಲಿ ಪುಟ್ಟ ಗುಂಡನೆಯ ಸೊನ್ನೆಯನ್ನು ಇಂದಿಗೂ ನೋಡಬಹುದು. ಒಟ್ಟಿನಲ್ಲಿ ಸೊನ್ನೆ ಒಬ್ಬನ ಕೈಯಲ್ಲಿ ಒಂದು ದಿನ ಹುಟ್ಟಿದ್ದಲ್ಲ. ಬೇರೆ ಬೇರೆ ಕಡೆ, ಹಲವು ಶತಮಾನಗಳಲ್ಲಿ ತುಂಡು ತುಂಡಾಗಿ ಆಕಾರ ಪಡೆದದ್ದು.

ಅಆಇಈ ಬಂದರೆ ಆರ್ಯಭಟನ ಲೆಕ್ಕ ಬಂದಂತೆ

ತಮಾಷೆಯೆಂದರೆ, ಆರ್ಯಭಟ ತನ್ನ ದೊಡ್ಡ ದೊಡ್ಡ ಅಂಕಿಗಳನ್ನು ಬರೆದ ರೀತಿಯಲ್ಲಿ ಸೊನ್ನೆಗೆ ಜಾಗವೇ ಇಲ್ಲ. ಆತ ಬರೆದದ್ದು ಅಂಕಿಗಳಲ್ಲಲ್ಲ, ಅಕ್ಷರಗಳಲ್ಲಿ. ಕನ್ನಡ ವರ್ಣಮಾಲೆ ಬಲ್ಲವರಿಗೆ ಇದು ಎರಡು ನಿಮಿಷದ ಪಾಠ.

ಕ ಎಂದರೆ 1, ಖ ಎಂದರೆ 2, ಗ 3, ಘ 4. ಹೀಗೆ ಸಾಲಾಗಿ ಮ ಬರುವ ಹೊತ್ತಿಗೆ 25. ಶಾಲೆಯಲ್ಲಿ ನಾವು ವರ್ಗೀಯ ವ್ಯಂಜನ ಎಂದು ಕಲಿತದ್ದು ಇವನ್ನೇ. ಅವರ್ಗೀಯ ವ್ಯಂಜನಗಳು ಹತ್ತರ ಲೆಕ್ಕದಲ್ಲಿ: ಯ 30, ರ 40, ಲ 50, ಕೊನೆಗೆ ಹ 100. ಇನ್ನು ಸ್ವರಗಳು ಎಷ್ಟುಪಟ್ಟು ಎಂದು ಹೇಳುತ್ತವೆ. ಅ ಸೇರಿದರೆ ಅಷ್ಟೇ, ಇ ಸೇರಿದರೆ ನೂರುಪಟ್ಟು, ಉ ಸೇರಿದರೆ ಹತ್ತುಸಾವಿರಪಟ್ಟು, ಋ ಸೇರಿದರೆ ಹತ್ತುಲಕ್ಷಪಟ್ಟು.

ಈಗ ಆತನ ಒಂದು ಪದ ಬಿಡಿಸೋಣ: ಖ್ಯುಘೃ. ಖ 2, ಯ 30, ಸೇರಿ 32. ಎರಡಕ್ಕೂ ಉಕಾರ ಇದೆ, ಆದ್ದರಿಂದ 32 ಹತ್ತುಸಾವಿರ, ಅಂದರೆ 3,20,000. ಘ 4, ಅದಕ್ಕೆ ಋಕಾರ, ಅಂದರೆ 40 ಲಕ್ಷ. ಒಟ್ಟು 43,20,000. ಇದು ಒಂದು ಮಹಾಯುಗದ ವರ್ಷಗಳು. ಅಂಕಿಯಲ್ಲಿ ಬರೆದರೆ ನಾಲ್ಕು ಸೊನ್ನೆ ಬರುವ ಸಂಖ್ಯೆ ಆತನ ಬಾಯಲ್ಲಿ ಎರಡೇ ಉಚ್ಚಾರ, ಸೊನ್ನೆಯ ಸುಳಿವೇ ಇಲ್ಲ.

ಇಷ್ಟು ಕಷ್ಟ ಯಾಕೆ ಎಂದು ಕೇಳಬಹುದು. ಪುಸ್ತಕ ಎಂದರೆ ಆಗ ಬಾಯಿಪಾಠ. ಇಡೀ ಆರ್ಯಭಟೀಯದಲ್ಲಿ ಇರುವುದು 121 ಪದ್ಯ. ಸೂರ್ಯ, ಚಂದ್ರ, ಐದು ಗ್ರಹಗಳ ಚಲನೆಯ ಅಂಕಿಗಳು, ಕೋನಗಳ ಜ್ಯಾ ಪಟ್ಟಿ ಎಲ್ಲವನ್ನೂ ಮೊದಲ ಹದಿಮೂರು ಪದ್ಯಗಳಲ್ಲೇ ಹಿಡಿಸಿಬಿಟ್ಟಿದ್ದಾನೆ. ಜಿಪ್ ಫೈಲ್ ಅನ್ನಿ ಬೇಕಾದರೆ. ಆದರೆ ನಾಲಿಗೆ ಹೊರಳದಂಥ ಪದಗಳು ಹುಟ್ಟಿದವು, ಒಂದು ಅಕ್ಷರ ತಪ್ಪಿದರೆ ಲೆಕ್ಕವೇ ಬೇರೆ. ನನಗನ್ನಿಸುವಂತೆ ಈ ಪದ್ಧತಿಯನ್ನು ಬೇರೆಯವರು ಹೆಚ್ಚು ಬಳಸದೇ ಹೋದದ್ದರಲ್ಲಿ ಆಶ್ಚರ್ಯವೇನಿಲ್ಲ.

ಉಸಿರಿನಲ್ಲಿ ಅಳೆದ ದಿನ

ಆರ್ಯಭಟೀಯದ ಮೂರನೆಯ ಭಾಗದ ಹೆಸರು ಕಾಲಕ್ರಿಯಾ. ಹೊತ್ತನ್ನು ಅಳೆಯುವ ಲೆಕ್ಕ ಅಲ್ಲಿದೆ. ದಿನಕ್ಕೆ 60 ನಾಡಿ, ನಾಡಿಗೆ 60 ವಿನಾಡಿ. ನಾಡಿ ಎಂದರೆ ನಮ್ಮ ಗಳಿಗೆಯೇ, 24 ನಿಮಿಷ. ಹಿಂದೆ ಮದುವೆ ಮನೆಗಳಲ್ಲಿ ಮುಹೂರ್ತ ನೋಡಲು ನೀರಿನ ಪಾತ್ರೆಯಲ್ಲಿ ತೇಲಿ ಬಿಡುತ್ತಿದ್ದ, ತಳದಲ್ಲಿ ತೂತಿರುವ ಗಳಿಗೆ ಬಟ್ಟಲು ಮುಳುಗಲು ಹಿಡಿಯುತ್ತಿದ್ದ ಹೊತ್ತು ಅದು.

ವಿನಾಡಿ ಎಂದರೆ 24 ಸೆಕೆಂಡ್. ಅದಕ್ಕಿಂತ ಸಣ್ಣ ಅಳತೆಗೆ ಬಟ್ಟಲು ಸಾಲದು. ಅಲ್ಲಿ ಆತ ಮನುಷ್ಯನ ದೇಹಕ್ಕೇ ಬರುತ್ತಾನೆ. ಒಂದು ವಿನಾಡಿ ಎಂದರೆ 60 ದೀರ್ಘಾಕ್ಷರ ಹೇಳುವ ಹೊತ್ತು, ಅಥವಾ 6 ಪ್ರಾಣ. ಪ್ರಾಣ ಎಂದರೆ ಒಂದು ಸಲ ಉಸಿರಾಡುವ ಸಮಯ, ನಮ್ಮ ಲೆಕ್ಕದಲ್ಲಿ ಹತ್ತಿರ ಹತ್ತಿರ 4 ಸೆಕೆಂಡ್. ದಿನಕ್ಕೆ ಎಷ್ಟು ಪ್ರಾಣ? 60 ನಾಡಿ, 60 ವಿನಾಡಿ, 6 ಪ್ರಾಣ ಗುಣಿಸಿ ನೋಡಿ: 21,600.

ಮನುಷ್ಯ ದಿನಕ್ಕೆ ಸರಿಯಾಗಿ 21,600 ಸಲ ಉಸಿರಾಡುತ್ತಾನೆ ಎಂಬ ಇನ್ನೊಂದು ಫಾರ್ವರ್ಡ್ ಇದೆಯಲ್ಲ, ಅದು ಇದೇ ಅಂಕಿ. ಅದು ಯಾರದೋ ಉಸಿರನ್ನು ಎಣಿಸಿ ಬರೆದದ್ದಲ್ಲ, ದಿನವನ್ನು ಭಾಗ ಮಾಡಿದಾಗ ಬಂದದ್ದು. ಆರಾಮವಾಗಿ ಕುಳಿತ ವಯಸ್ಕರು ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತಾರೆ, ಅಂದರೆ ದಿನಕ್ಕೆ 17,280ರಿಂದ 28,800. ಆರ್ಯಭಟನ ಅಳತೆ ಇದರ ನಡುವೆಯೇ ಬೀಳುತ್ತದೆ, ಅಂದಾಜು ಚೆನ್ನಾಗಿದೆ. ಆದರೆ ಮಕ್ಕಳ ಉಸಿರು ಇನ್ನೂ ವೇಗ, ಓಡಿ ಬಂದವರದ್ದೂ ಹಾಗೇ. 21,600 ಬರಲಿಲ್ಲ ಅಂತ ಯಾರೂ ಡಾಕ್ಟರ ಬಳಿ ಓಡಬೇಕಿಲ್ಲ.

ಆ ಅಂಕಿಯ ನಿಜವಾದ ಗುಟ್ಟು ಬೇರೆ. ವೃತ್ತಕ್ಕೆ 360 ಅಂಶ, ಅಂಶಕ್ಕೆ 60 ಕಲೆ. ಗುಣಿಸಿದರೆ ಅದೂ 21,600! ಅಂದರೆ ದಿನವನ್ನೂ ವೃತ್ತವನ್ನೂ ಒಂದೇ ಸಂಖ್ಯೆಯಲ್ಲಿ ತುಂಡು ಮಾಡಿದಂತಾಯಿತು. ಅರವತ್ತರ ಈ ಎಣಿಕೆ ಮೂಲತಃ ಬ್ಯಾಬಿಲೋನಿನದು. ನಿಮ್ಮ ಗಡಿಯಾರದ 60 ನಿಮಿಷ, 60 ಸೆಕೆಂಡಿನ ಬೇರೂ ಅಲ್ಲೇ ಇದೆ. ಅರವತ್ತನ್ನು 2, 3, 4, 5, 6ರಿಂದ ಶೇಷವಿಲ್ಲದೆ ಭಾಗಿಸಬಹುದು, ಅದೇ ಅದರ ಅನುಕೂಲ.

ವಾರದ ಹೆಸರುಗಳ ಸೂತ್ರವೂ ಇದೇ ಭಾಗದಲ್ಲಿದೆ. ಆಗ ಗ್ರಹಗಳೆಂದು ಎಣಿಸುತ್ತಿದ್ದವುಗಳನ್ನು ನಿಧಾನದಿಂದ ವೇಗದ ಕ್ರಮದಲ್ಲಿ ಬರೆಯಿರಿ: ಶನಿ, ಗುರು, ಮಂಗಳ, ಸೂರ್ಯ, ಶುಕ್ರ, ಬುಧ, ಚಂದ್ರ. ಪ್ರತಿ ಹೋರೆಗೆ, ಅಂದರೆ ಪ್ರತಿ ಗಂಟೆಗೆ, ಸರದಿಯಂತೆ ಒಬ್ಬ ಒಡೆಯ. ದಿನಕ್ಕೆ 24 ಹೋರೆ, ಗ್ರಹ ಏಳು. ಮೂರು ಸುತ್ತು ಮುಗಿದು ಮೂರು ಹೋರೆ ಉಳಿಯುತ್ತವೆ, ಹಾಗಾಗಿ ಮರುದಿನ ಸೂರ್ಯೋದಯಕ್ಕೆ ಬರುವವನು ನಾಲ್ಕನೆಯವನು. ಶನಿಯಿಂದ ನಾಲ್ಕನೆಯವನು ಸೂರ್ಯ, ಸೂರ್ಯನಿಂದ ನಾಲ್ಕನೆಯವನು ಚಂದ್ರ, ಅಲ್ಲಿಂದ ಮಂಗಳ. ಶನಿವಾರ, ಭಾನುವಾರ, ಸೋಮವಾರ, ಮಂಗಳವಾರ. ಬೆರಳಲ್ಲೇ ಎಣಿಸಿ ನೋಡಬಹುದು.

ಭೂಮಿ ತಿರುಗಿತು, ಪಂಡಿತರು ಸಿಟ್ಟಾದರು

21,600ಕ್ಕೆ ಮರಳೋಣ. ದಿನಕ್ಕೆ ಅಷ್ಟು ಪ್ರಾಣ, ವೃತ್ತಕ್ಕೆ ಅಷ್ಟೇ ಕಲೆ. ಹಾಗಾದರೆ ಒಂದು ಉಸಿರಿಗೆ ಯಾವುದೋ ಒಂದು ಕಲೆಯಷ್ಟು ತಿರುಗುತ್ತಿರಬೇಕು. ಯಾವುದು? ನಕ್ಷತ್ರಗಳು ಎಂದಿದ್ದರೆ ಯಾರ ತಕರಾರೂ ಇರುತ್ತಿರಲಿಲ್ಲ. ಆರ್ಯಭಟ ಭೂಮಿ ಎಂದ.

ದೋಣಿಯಲ್ಲಿ ಮುಂದೆ ಹೋಗುವವನಿಗೆ ದಡದ ಮರಗಳು ಹಿಂದೆ ಸರಿದಂತೆ ಕಾಣುವುದಿಲ್ಲವೇ, ನಿಂತಲ್ಲೇ ಇರುವ ನಕ್ಷತ್ರಗಳು ಪಶ್ಚಿಮಕ್ಕೆ ಹೋದಂತೆ ಕಾಣುವುದೂ ಹಾಗೆಯೇ ಎಂದು ಹೋಲಿಕೆ ಕೊಟ್ಟ. ಹೋಲಿಕೆಗೆ ನಿಲ್ಲಿಸಲಿಲ್ಲ, ಅಂಕಿಯನ್ನೂ ಕೊಟ್ಟ. ಒಂದು ಮಹಾಯುಗದಲ್ಲಿ ಭೂಮಿ 158,22,37,500 ಸಲ ತನ್ನ ಸುತ್ತ ತಿರುಗುತ್ತದೆ ಎಂದ. ಇದರಿಂದ ಲೆಕ್ಕ ಹಾಕಿದರೆ ನಕ್ಷತ್ರಗಳಿಗೆ ಹೋಲಿಸಿ ಭೂಮಿಯ ಒಂದು ಸುತ್ತಿಗೆ 23 ಗಂಟೆ 56 ನಿಮಿಷ 4.1 ಸೆಕೆಂಡ್ ಬರುತ್ತದೆ. ಇಂದಿನ ಅಳತೆ 4.09 ಸೆಕೆಂಡ್. ವರ್ಷದ ಅಳತೆ ಅಷ್ಟು ನಿಖರವಾಗಿರಲಿಲ್ಲ. 365 ದಿನ 6 ಗಂಟೆ 12 ನಿಮಿಷ 30 ಸೆಕೆಂಡ್ ಎಂಬ ಆತನ ವರ್ಷ ನಿಜಕ್ಕಿಂತ ಮೂರು ನಿಮಿಷ ಚಿಲ್ಲರೆ ಉದ್ದ. ಒಂದು ಎಚ್ಚರಿಕೆ: ಭೂಮಿ ಸೂರ್ಯನ ಸುತ್ತ ತಿರುಗುತ್ತದೆ ಎಂದು ಆತ ಹೇಳಿದ ಎಂಬ ಪೋಸ್ಟ್ ಬಂದರೆ ನಂಬಬೇಡಿ. ಆತನ ಭೂಮಿ ನಡುವೆ ನಿಂತು ತನ್ನ ಸುತ್ತಲೇ ತಿರುಗುವ ಭೂಮಿ.

ಆರನೆಯ ಶತಮಾನದ ವರಾಹಮಿಹಿರ ಇದನ್ನು ಒಪ್ಪಲಿಲ್ಲ. ಭೂಮಿ ತಿರುಗಿದರೆ ಹಾರಿ ಹೋದ ಹಕ್ಕಿಗಳು ಗೂಡಿಗೆ ಮರಳುವುದು ಹೇಗೆ ಎಂದು ಕೇಳಿದ. ಬ್ರಹ್ಮಗುಪ್ತ ಇನ್ನೂ ಖಾರ. ಉಸಿರಿಗೊಂದು ಕಲೆ ಸರಿಯುವ ಭೂಮಿ ಹೋಗುವುದಾದರೂ ಎಲ್ಲಿಗೆ, ಎತ್ತರದ ವಸ್ತುಗಳು ಯಾಕೆ ಬೀಳುವುದಿಲ್ಲ ಎಂದು ಚುಚ್ಚಿದ. ಆ ಕಾಲಕ್ಕೆ ಇವು ದಡ್ಡ ಪ್ರಶ್ನೆಗಳಲ್ಲ. ವಸ್ತುಗಳು ಚಲನೆಯನ್ನು ತಾವಾಗಿಯೇ ಉಳಿಸಿಕೊಳ್ಳುತ್ತವೆ ಎಂಬ ಜಡತ್ವದ ವಿಚಾರ ಬರಲು ಇನ್ನೂ ಸಾವಿರ ವರ್ಷ ಇತ್ತು. ಬ್ರಹ್ಮಗುಪ್ತನ ಇನ್ನೆರಡು ತಕರಾರು ಶಾಸ್ತ್ರ ಮೀರಿದ್ದಕ್ಕೆ. ಪುರಾಣದ ಯುಗಗಳು 4, 3, 2, 1ರ ಪ್ರಮಾಣದಲ್ಲಿ ಕಿರಿದಾಗುತ್ತಾ ಬರುತ್ತವೆ. ಆರ್ಯಭಟ ನಾಲ್ಕನ್ನೂ ಸಮ ಮಾಡಿ ತಲಾ 10,80,000 ವರ್ಷ ಕೊಟ್ಟಿದ್ದ. ಕಲಿಯುಗ 4,32,000 ವರ್ಷ ಎಂದು ನಾವು ಕೇಳುವ ಲೆಕ್ಕ ಆತನದ್ದಲ್ಲ. ಗ್ರಹಣಕ್ಕೆ ಕಾರಣ ರಾಹುವಲ್ಲ, ಸೂರ್ಯನನ್ನು ಚಂದ್ರ, ಚಂದ್ರನನ್ನು ಭೂಮಿಯ ನೆರಳು ಮುಚ್ಚುವುದು ಎಂದದ್ದೂ ಬ್ರಹ್ಮಗುಪ್ತನಿಗೆ ಹಿಡಿಸಲಿಲ್ಲ.

ಆತನ ಶಿಷ್ಯಪರಂಪರೆಗೆ ಇದು ಮುಜುಗರದ ವಿಷಯವಾಯಿತು. ಲೆಕ್ಕ ಬೇಕು, ಗುರುವಿನ ಈ ಮಾತು ಬೇಡ. ಕೆಲವರು ಭೂಮಿ ತಿರುಗುವುದು ತೋರಿಕೆಗೆ ಮಾತ್ರ ಎಂದು ಅರ್ಥ ಹೇಳಿದರು. ಇನ್ನೊಂದು ದಾರಿ ಇನ್ನೂ ಸುಲಭವಾಗಿತ್ತು. ಸಂಸ್ಕೃತದಲ್ಲಿ ಭೂಃ ಎಂದರೆ ಭೂಮಿ, ಭಂ ಎಂದರೆ ನಕ್ಷತ್ರ. ಒಂದು ಅಕ್ಷರ ಬದಲಾದರೆ ಸಾಕು, ಉಸಿರಿಗೊಂದು ಕಲೆ ಸರಿಯುವುದು ನಕ್ಷತ್ರಗಳಾಗುತ್ತವೆ, ಭೂಮಿ ತೆಪ್ಪಗೆ ಕೂರುತ್ತದೆ. ನಮ್ಮ ಕೈಗೆ ಬಂದ ಪಾಠದಲ್ಲಿ ಭಂ ಎಂದೇ ಇದೆ. ಮೂಲದಲ್ಲಿ ಭೂಃ ಇತ್ತೆಂದು ತಿಳಿಯುವುದು ಯಾರಿಂದ ಗೊತ್ತೇ? ಬೈದ ಬ್ರಹ್ಮಗುಪ್ತನಿಂದ. ಹೀಗಳೆಯುವ ಭರದಲ್ಲಿ ಆತ ಆ ಮಾತನ್ನು ಇದ್ದ ಹಾಗೇ ಎತ್ತಿಕೊಂಡಿದ್ದ.

ಅದೇ ಬ್ರಹ್ಮಗುಪ್ತ 665ರಲ್ಲಿ, ವಯಸ್ಸಾದ ಮೇಲೆ, ಖಂಡಖಾದ್ಯಕ ಎಂಬ ಇನ್ನೊಂದು ಪುಸ್ತಕ ಬರೆದ. ದಿನಬಳಕೆಯ ಲೆಕ್ಕಕ್ಕೆ ಸುಲಭವಾಗಲಿ ಎಂದು ಬರೆದ ಅದರಲ್ಲಿ ಆಧಾರವಾಗಿ ತೆಗೆದುಕೊಂಡದ್ದು ಆರ್ಯಭಟನ ಅಂಕಿಗಳನ್ನೇ. ದಿನವನ್ನು ನಡುರಾತ್ರಿಯಿಂದ ಎಣಿಸುವ ಆ ಲೆಕ್ಕ ಇದ್ದ ಆರ್ಯಭಟನ ಮೂಲಪುಸ್ತಕ ಈಗ ಕಳೆದುಹೋಗಿದೆ. ನೆರಳು ಅಳೆಯುವ ಕೋಲು, ನೀರಿನ ಗಡಿಯಾರಗಳ ಬಗ್ಗೆ ಅದರಲ್ಲಿದ್ದ ಪದ್ಯಗಳು ವ್ಯಾಖ್ಯಾನಕಾರರು ಎತ್ತಿಕೊಂಡಷ್ಟು ಉಳಿದಿವೆ.

ಆರ್ಯಭಟೀಯವನ್ನು ಜೋಪಾನ ಮಾಡಿದವರಲ್ಲಿ ಕೇರಳದ ಗಣಿತಜ್ಞರು ಮುಖ್ಯರು. ಅವರಲ್ಲೊಬ್ಬನಾದ ಪರಮೇಶ್ವರನ ವ್ಯಾಖ್ಯಾನದ ಜೊತೆ ಅದು ಅಚ್ಚಾದದ್ದು 1874ರಲ್ಲಿ, ಹಾಲೆಂಡಿನ ಲೈಡನ್‌ನಲ್ಲಿ.

ಅದಾಗಿ ನೂರೊಂದು ವರ್ಷಕ್ಕೆ, 1975ರ ಏಪ್ರಿಲ್ 19ರಂದು, ಆತನ ಹೆಸರು ಹೊತ್ತ ಭಾರತದ ಮೊದಲ ಉಪಗ್ರಹ ಸೋವಿಯತ್ ರಾಕೆಟ್ಟಿನಲ್ಲಿ ಮೇಲೇರಿತು. ಅದನ್ನು ಕಟ್ಟಿದ್ದು ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ, ಉಡುಪಿ ಬಳಿಯ ಅದಮಾರಿನಲ್ಲಿ ಹುಟ್ಟಿದ ಯು. ಆರ್. ರಾವ್ ಅವರ ನೇತೃತ್ವದಲ್ಲಿ. ಕೆಲವೇ ದಿನಗಳಲ್ಲಿ ವಿದ್ಯುತ್ ಕೈಕೊಟ್ಟು ಅದರೊಳಗಿನ ಪ್ರಯೋಗಗಳು ನಿಂತುಹೋದರೂ, ಹಳೆಯ ಎರಡು ರೂಪಾಯಿ ನೋಟಿನ ಹಿಂಬದಿಯಲ್ಲಿ ಅದರ ಚಿತ್ರ ಬಂತು. 360 ಕೆ.ಜಿ. ತೂಕದ ಆ ಉಪಗ್ರಹಕ್ಕೆ ಭೂಮಿಯನ್ನು ಒಂದು ಸುತ್ತು ಬರಲು ಬೇಕಾಗುತ್ತಿದ್ದುದು ಸುಮಾರು 96 ನಿಮಿಷ. ಆರ್ಯಭಟನ ಲೆಕ್ಕದಲ್ಲಿ ನಾಲ್ಕು ನಾಡಿ.